ಕಿವಿಯ ಮಣಿ, ಕೈಯ ವಾಚು

ಕಲಬುರಗಿ ಎಂದರೆ ನಮ್ಮ ಬ್ಯಾರಿ ಮನೆಗಳಲ್ಲಿ ಮೊದಲು ನೆನಪಾಗುವುದು ಖಾಜಾ ಬಂದೇನವಾಝರ ದರ್ಗಾ. ಝಿಯಾರತ್‌ಗೆ ಹೋದವರು ಕೋಟೆಗೂ ಹೋಗಿ, ಬಹಮನಿಗಳ ಕಾಲದ, 1367ರ ಜುಮಾ ಮಸೀದಿಯ ಕಮಾನುಗಳ ಕೆಳಗೆ ನಿಂತು ಬಂದಿರುತ್ತಾರೆ. ಈಚಿನ ವರ್ಷಗಳಲ್ಲಿ ಮಾತ್ರ ಆ ಊರಿನ ಹೆಸರು ಪೇಪರಿನಲ್ಲಿ ಬಂದದ್ದು ಬೇರೆ ಕಾರಣಕ್ಕೆ. ಕಿವಿಯೊಳಗೆ ತೂರಿಸುವ ಒಂದು ಸಣ್ಣ ಬ್ಲೂಟೂತ್ ಮಣಿಯಿಂದಾಗಿ.

2021ರ ಅಕ್ಟೋಬರ್‌ನಲ್ಲಿ 545 ಪಿಎಸ್‌ಐ ಹುದ್ದೆಗಳಿಗೆ ನಡೆದ ಪರೀಕ್ಷೆಯ ಅಕ್ರಮ ಅಲ್ಲಿಂದಲೇ ಬಯಲಾಯಿತು; ಆ ಪರೀಕ್ಷೆ ರದ್ದಾಯಿತು. 2023ರ ಅಕ್ಟೋಬರ್ 28ರಂದು ನಿಗಮ, ಮಂಡಳಿಗಳ ಎಫ್‌ಡಿಎ ಹುದ್ದೆಗೆ ಪರೀಕ್ಷಾ ಪ್ರಾಧಿಕಾರ ನಡೆಸಿದ ಪರೀಕ್ಷೆಯಲ್ಲಿ ಕಲಬುರಗಿ, ಯಾದಗಿರಿಯಲ್ಲಿ ಅಭ್ಯರ್ಥಿಗಳು ಬ್ಲೂಟೂತ್ ಸಮೇತ ಸಿಕ್ಕಿಬಿದ್ದರು. ಹೊರಗಿನಿಂದ ಒಬ್ಬ ಉತ್ತರ ಓದುತ್ತಾನೆ, ಒಳಗಿನವನು ಗುರುತು ಹಾಕುತ್ತಾನೆ. ಅಷ್ಟೇ ವಿದ್ಯೆ!

ಇದರಲ್ಲಿ ನಮಗೇನು ಅಂತ ಕೇಳಬೇಡಿ. ಮುಂದಿನ ತಿಂಗಳ ಪರೀಕ್ಷೆಗೆ ಪ್ರಾಧಿಕಾರ ಹೊಸ ವಸ್ತ್ರಸಂಹಿತೆ ತಂದಿತು. ತಲೆ, ಬಾಯಿ, ಕಿವಿ ಮುಚ್ಚುವ ಬಟ್ಟೆ, ಟೋಪಿ ಬೇಡ ಎಂದಿತು. 2022ರ ಕಾಲೇಜು ಗೇಟಿನ ದಿನಗಳನ್ನು ಮರೆಯದ ನಮ್ಮ ಹೆಣ್ಣುಮಕ್ಕಳ ಎದೆ ಮತ್ತೆ ಧಸಕ್ಕೆಂದಿತು. ಹಿಜಾಬಿಗೆ ಅಡ್ಡಿಯಿಲ್ಲ, ಬೇಗ ಬಂದು ತಪಾಸಣೆ ಮಾಡಿಸಿಕೊಳ್ಳಲಿ ಅಂತ ಸರಕಾರ ಹೇಳಿದ ಮೇಲೆಯೇ ಸಮಾಧಾನ. ಯಾರದೋ ಕಿವಿಯ ಮಣಿಗೆ ನಮ್ಮ ಮಗಳು ಮುಂಚಿತವಾಗಿ ಬಂದು ಸಾಲಿನಲ್ಲಿ ನಿಲ್ಲಬೇಕಾಯಿತು. ಮಹಿಳಾ ಸಿಬ್ಬಂದಿ, ಮರೆಯಾದ ಜಾಗ ಇದ್ದರೆ ತಪಾಸಣೆಗೆ ನನ್ನ ತಕರಾರಿಲ್ಲ. ಅದು ಇರುವಂತೆ ನೋಡಿಕೊಳ್ಳುವುದು ಪರೀಕ್ಷೆ ನಡೆಸುವವರ ಹೊಣೆ.

ನಮ್ಮ ಹೊಣೆ ಬೇರೆ ಇದೆ. ಈಗ ಗಲ್ಫಿನಿಂದ ಬರುವ ಉಪ್ಪನ ಪೆಟ್ಟಿಗೆಯಲ್ಲಿ ಚಾಕಲೇಟಿನ ಜೊತೆ ಸ್ಮಾರ್ಟ್ ವಾಚು ಇರುತ್ತದೆ. ಸಿಮ್ ಹಾಕಿದರೆ ಅದೇ ಫೋನು, ಕೆಲವಕ್ಕೆ ಕ್ಯಾಮರಾ ಬೇರೆ. ಮಗು ಎಲ್ಲಿದೆ ಅಂತ ಉಮ್ಮನ ಮೊಬೈಲಿನಲ್ಲಿ ಕಾಣುತ್ತದೆ. ದಾರಿಯ ಮಟ್ಟಿಗೆ ಅದು ಒಳ್ಳೆಯದೇ. ಬೆಳಿಗ್ಗೆ ಏಳಕ್ಕೆ ಮದ್ರಸದಲ್ಲಿ ಖುರ್‌ಆನ್ ಓದಿಸುವಾಗ ವಾಚು ಗುರ್ರ್ ಅನ್ನುತ್ತದೆ. ದುಬೈಯಲ್ಲಿ ಆಗ ಐದೂವರೆ, ಡ್ಯೂಟಿಗೆ ಹೊರಡುವ ಮೊದಲು ಮಗನ ಸ್ವರ ಕೇಳುವ ಆಸೆ ಅವರಿಗೆ. ಬೈಯಲು ನನಗೆ ಬಾಯಿ ಬರುವುದಿಲ್ಲ. ಆದರೆ ಓದುತ್ತಿದ್ದ ಮಗುವಿನ ಕಣ್ಣು ಆಯತ್ತಿನಿಂದ ಮಣಿಕಟ್ಟಿಗೆ ಹೋಯಿತಲ್ಲ, ಅದನ್ನು ಮರಳಿ ತರಲು ಉಸ್ತಾದನಿಗೆ ಹತ್ತು ನಿಮಿಷ ಬೇಕು. ದಿಕ್ರ್ ಎಣಿಸುವ ಉಂಗುರವೂ ಮಕ್ಕಳ ಕೈಯಲ್ಲಿ ಆಟದ ಸಾಮಾನೇ.

ಆದ್ದರಿಂದ ತರಗತಿಯ ಬಾಗಿಲಲ್ಲಿ ಒಂದು ಡಬ್ಬ ಇಡೋಣ, ವಾಚು ಅದರಲ್ಲಿರಲಿ. ಉಸ್ತಾದರ ವಾಚು ಕೂಡ. ನೀಟ್ ಪರೀಕ್ಷೆಗೆ ವಾಚು ಕಟ್ಟಿಕೊಂಡು ಹೋಗುವಂತಿಲ್ಲ ಎನ್ನುವುದು ಗೊತ್ತಿದ್ದೂ, ಐದನೆಯ, ಏಳನೆಯ ತರಗತಿಯ ಸಮಸ್ತ ಪಬ್ಲಿಕ್ ಪರೀಕ್ಷೆಗೆ ಕೂರುವ ಮಗುವಿಗೆ ನಾವೇ ಕಟ್ಟಿ ಕಳಿಸುವುದು ಯಾಕೆ?

ಒಂದು ಎಚ್ಚರಿಕೆ ಮಾತ್ರ ಬೇಕು. ಕಿವಿ ಕೇಳದ ಮಗುವಿನ ಯಂತ್ರವೂ ದೂರದಿಂದ ಅದೇ ಮಣಿಯ ಹಾಗೆ ಕಾಣುತ್ತದೆ. ಸಕ್ಕರೆ ಕಾಯಿಲೆಯ ಮಗುವಿನ ತೋಳಿಗೆ ಅಂಟಿಸಿದ ಸೆನ್ಸರ್ ಕೆಲವು ನಿಮಿಷಕ್ಕೊಮ್ಮೆ ಸಕ್ಕರೆ ಅಳೆದು ಮೊಬೈಲಿಗೆ ತಿಳಿಸುತ್ತದೆ. ಅದು ಕೀಂ ಎಂದರೆ ಮಗುವಿಗೆ ಸಕ್ಕರೆ ಇಳಿದಿದೆ ಎಂದರ್ಥ ಇರಬಹುದು. ಅಂಥದ್ದಕ್ಕೆ ಡಬ್ಬವಿಲ್ಲ, ಕೈ ಹಾಕಲೂಬಾರದು. ಆದರೆ ಎಷ್ಟೋ ಮನೆಯವರು ನಾಳೆ ಮದುವೆಗೆ ತೊಂದರೆ ಅಂತ, ಅದರಲ್ಲೂ ಹೆಣ್ಣುಮಕ್ಕಳದ್ದು, ಕಾಯಿಲೆಯನ್ನು ಉಸ್ತಾದರಿಗೂ ಹೇಳುವುದಿಲ್ಲ. ಹೇಳದಿದ್ದರೆ ನಮಗೆ ತಿಳಿಯುವುದು ಹೇಗೆ?

ಸಂತೆಯಲ್ಲಿ ಧಾನ್ಯದ ರಾಶಿಯೊಳಗೆ ಪ್ರವಾದಿಯವರು (ಸ) ಕೈ ಇಳಿಸಿದಾಗ ಅಡಿಯಲ್ಲಿ ಒದ್ದೆ ತಾಗಿದ ಕಥೆ ಮಕ್ಕಳಿಗೆಲ್ಲ ಬಾಯಿಪಾಠ. ಒದ್ದೆಯನ್ನು ಜನರಿಗೆ ಕಾಣುವಂತೆ ಮೇಲಿಡು ಅಂತಲೇ ಅವರು ಆ ವ್ಯಾಪಾರಿಗೆ ಹೇಳಿದ್ದು. ಶವ್ವಾಲಿನಲ್ಲಿ ಮದ್ರಸ ತೆರೆಯುವಾಗ ಅಡ್ಮಿಷನ್ ಫಾರಂನಲ್ಲಿ ಒಂದು ಗೆರೆ ಜಾಸ್ತಿ ಇರಲಿ: ಮಗು ಮೈಮೇಲೆ ಯಾವ ಯಂತ್ರ ಧರಿಸುತ್ತದೆ, ಯಾತಕ್ಕೆ. ಜಮಾಅತ್ ಕಮಿಟಿಯವರು ರಮಝಾನ್ ಮುಗಿಯುವ ಮೊದಲೇ ಅದನ್ನು ಪ್ರಿಂಟ್ ಹಾಕಿಸಿದರೆ ಒಳ್ಳೆಯದು.