ವೈಫೈ ಬಿಲ್ ಯಾರ ಹೆಸರಿನಲ್ಲಿದೆ?

ಗಲ್ಫ್‌ನಲ್ಲಿರುವ ಮಗನ ಮುಖ ನೋಡಲೆಂದು, ಮಕ್ಕಳ ಓದಿಗೆಂದು ನಮ್ಮ ಮನೆಗಳಿಗೆ ವೈಫೈ ಬಂದು ವರ್ಷಗಳಾದವು. ಸಂಪರ್ಕ ಕೊಡಲು ಬಂದ ಹುಡುಗ ಮನೆಯವರ ಮೊಬೈಲ್ ನಂಬರನ್ನೇ ಪಾಸ್‌ವರ್ಡ್ ಮಾಡಿ ಹೋಗಿರುತ್ತಾನೆ. ಅದು ನೆರೆಮನೆಗೆ, ಮದುವೆಗೆ ಬಂದ ನೆಂಟರಿಗೆ, ಕೊನೆಗೆ ಗೇಟಿನ ಹೊರಗೆ ಬೈಕ್ ನಿಲ್ಲಿಸಿ ಕೂರುವ ಹುಡುಗರಿಗೂ ಗೊತ್ತು. ಕೇಳಿದರೆ, 'ಹೋದ್ರೆ ನೆಟ್ ಅಲ್ವಾ, ಅನ್‌ಲಿಮಿಟೆಡ್ ಇದೆ' ಎಂಬ ಉತ್ತರ.

ಹೋಗುವುದು ನೆಟ್ ಮಾತ್ರವಲ್ಲ. ಆ ವೈಫೈಯಿಂದ ಯಾರು ಏನೇ ಕಳುಹಿಸಿದರೂ ಹೊರಗೆ ಕಾಣುವುದು ನಿಮ್ಮ ಸಂಪರ್ಕದ ಐಪಿ ವಿಳಾಸ. ಪೊಲೀಸರು ಕೇಳಿದರೆ ಕಂಪೆನಿ ಕೊಡುವುದು ಬಿಲ್ಲಿನಲ್ಲಿರುವ ಹೆಸರು. ಗಂಡಸರು ಊರಲ್ಲಿಲ್ಲದ ಮನೆಗಳಲ್ಲಿ ಅದು ಹೆಚ್ಚಾಗಿ ಉಮ್ಮನ ಹೆಸರು.

2008ರ ಜುಲೈಯಲ್ಲಿ ಅಹಮದಾಬಾದ್ ಸ್ಫೋಟಕ್ಕೆ ಸ್ವಲ್ಪ ಮೊದಲು ಮಾಧ್ಯಮಗಳಿಗೆ ಹೋದ ಇಮೇಲ್‌ನ ಜಾಡು ಹಿಡಿದ ಪೊಲೀಸರು ತಲುಪಿದ್ದು ನವಿ ಮುಂಬೈಯಲ್ಲಿ ವಾಸವಿದ್ದ ಒಬ್ಬ ಅಮೆರಿಕನ್ ಪ್ರಜೆಯ ಮನೆಗೆ. ಅವರ ಕಂಪ್ಯೂಟರ್ ಒಯ್ದರು, ವಿಚಾರಣೆ ನಡೆಸಿದರು. ಕಳುಹಿಸಿದ್ದು ಅವರಲ್ಲ, ಯಾರೋ ಅವರ ವೈಫೈ ಬಳಸಿದ್ದರು. ಅದೇ ಬಿಲ್ಲಿನಲ್ಲಿ ನಮ್ಮವರೊಬ್ಬರ ಹೆಸರಿದ್ದರೆ ಆ ಮಾತು ನಂಬಿಸಲು ಎಷ್ಟು ದಿನ ಬೇಕಾಗುತ್ತಿತ್ತು ಎಂದು ನಾನು ಹೇಳಬೇಕಾಗಿಲ್ಲ.

ರೌಟರ್‌ಗೆ ಪಾಸ್‌ವರ್ಡ್ ಎರಡಿವೆ ಎಂಬುದೇ ಹಲವರಿಗೆ ತಿಳಿದಿಲ್ಲ. ಒಂದು ಫೋನಿನಲ್ಲಿ ಹಾಕುವ ವೈಫೈಯದ್ದು. ಇನ್ನೊಂದು ರೌಟರ್‌ನ ಒಳಹೊಕ್ಕು ಎಲ್ಲವನ್ನೂ ಬದಲಿಸುವ ಬೀಗದ ಕೈ. ಈ ಎರಡನೆಯದು ಎಷ್ಟೋ ಕಡೆ ಇಂದಿಗೂ 'ಅಡ್ಮಿನ್' ಎಂದೇ ಇದೆ! ರೌಟರ್‌ನ ಹಿಂಬದಿಯ ಸ್ಟಿಕ್ಕರ್ ನೋಡಿ. 192.168.1.1 ಎಂಬಂಥ ವಿಳಾಸ ಇರುತ್ತದೆ. ಮನೆಯ ವೈಫೈಯಲ್ಲೇ ಇದ್ದು ಬ್ರೌಸರ್‌ನಲ್ಲಿ ಅದನ್ನು ಟೈಪ್ ಮಾಡಿದರೆ ಸೆಟ್ಟಿಂಗ್ಸ್ ತೆರೆಯುತ್ತದೆ. ಎರಡೂ ಪಾಸ್‌ವರ್ಡ್ ಬದಲಿಸಿ, ಒಂದೇ ರೀತಿ ಇಡಬೇಡಿ. ಮನೆಯ ಹೆಸರು, ಮಕ್ಕಳ ಹೆಸರು, ಫೋನ್ ನಂಬರ್ ಬೇಡ. ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕು ಪದ ಜೋಡಿಸಿದರೆ ನೆನಪಿಗೂ ಸುಲಭ, ಊಹಿಸಲೂ ಕಷ್ಟ. ಸೆಕ್ಯುರಿಟಿ ಎಂಬಲ್ಲಿ ಡಬ್ಲ್ಯುಪಿಎ2 ಅಥವಾ ಡಬ್ಲ್ಯುಪಿಎ3 ಇರಲಿ, ಡಬ್ಲ್ಯುಪಿಎಸ್ ಆಫ್ ಮಾಡಿ. ಗೊತ್ತಿರುವ ಹುಡುಗನನ್ನು ಕರೆಸಿದರೂ ಪಾಸ್‌ವರ್ಡ್ ಮಾತ್ರ ನೀವೇ ಟೈಪ್ ಮಾಡಿ.

ನೆರೆಯವರಿಗೆ ಇಲ್ಲ ಅನ್ನಲು ನಮಗೆ ಬಾಯಿ ಬರುವುದಿಲ್ಲ, ಅದು ಒಳ್ಳೆಯ ಗುಣವೇ. ನೆಂಟರಿಗೆಂದೇ ಹೊಸ ರೌಟರ್‌ಗಳಲ್ಲಿ 'ಗೆಸ್ಟ್' ವೈಫೈ ಇರುತ್ತದೆ. ಅದರ ಪಾಸ್‌ವರ್ಡ್ ಕೊಡಿ, ಅವರು ಹೋದ ಮೇಲೆ ಆಫ್ ಮಾಡಿ. ಆದರೆ ಗೆಸ್ಟ್‌ನಿಂದ ಕಳುಹಿಸಿದ್ದಕ್ಕೂ ವಿಳಾಸ ನಿಮ್ಮದೇ, ಹಾಗಾಗಿ ಗುರುತಿಲ್ಲದವರಿಗೆ ಅದೂ ಬೇಡ.

ಬದಲಿಸಿದ ಕೂಡಲೇ ಮನೆಯ ಎಲ್ಲ ಫೋನ್, ಟಿವಿ, ಸಿಸಿಟಿವಿ ಕಡಿತವಾಗುತ್ತವೆ. ಹೆದರಬೇಡಿ, ಹೊಸ ಪಾಸ್‌ವರ್ಡ್ ಹಾಕಿದರೆ ಸರಿಯಾಗುತ್ತದೆ. ಮೊದಲು ಉಮ್ಮನ ಫೋನಿಗೆ ಹಾಕಿ ಕೊಡಿ, ರಾತ್ರಿ ಮಗನ ಕಾಲ್ ಬರುವುದಿದೆ.