ನ್ಯಾವಿಗೇಟರ್ ದಡ್ಡನಾಗಿರಲಿಲ್ಲ ಸ್ವಾಮಿ

ಲಿಬಿಯಾದ ಮರುಭೂಮಿಯಲ್ಲಿ ಸಿಕ್ಕ ‘ಲೇಡಿ ಬಿ ಗುಡ್’ ಅನ್ನೋ ಬಾಂಬರ್ ವಿಮಾನದ ಕಥೆ ವರ್ಷಕ್ಕೆರಡು ಸಲವಾದ್ರೂ ಯಾರಾದ್ರೂ ನಂಗೆ ಫಾರ್ವರ್ಡ್ ಮಾಡ್ತಾರೆ. ‘ದೆವ್ವದ ವಿಮಾನ’, ‘ಶಾಪಗ್ರಸ್ತ ವಿಮಾನ’ ಅಂತೆಲ್ಲಾ ಹೆಡ್ಡಿಂಗು. ಕೊನೆಗೆ ಒಂದು ಕೊಂಕು ಇದ್ದೇ ಇರುತ್ತೆ: ದಿಕ್ಕು ಗೊತ್ತಾಗದ ದಡ್ಡ ನ್ಯಾವಿಗೇಟರ್, ವಿಮಾನದ ಕಡೆ ಹೋಗೋದು ಬಿಟ್ಟು ಉಲ್ಟಾ ನಡೆದು ಸತ್ತ ದಡ್ಡರು. ಓದಿದಾಗಲೆಲ್ಲ ಮೈ ಉರಿಯುತ್ತೆ. ಅದಕ್ಕೇ ಈ ಪೋಸ್ಟು.

ಗೊತ್ತಿಲ್ಲದವರಿಗೆ ಕಥೆ ಚಿಕ್ಕದಾಗಿ ಹೇಳ್ಬಿಡ್ತೀನಿ. ಅದು ಅಮೆರಿಕದ ಬಿ-24 ಲಿಬರೇಟರ್. 1943ರ ಏಪ್ರಿಲ್ 4ರಂದು ಲಿಬಿಯಾದ ಸೊಲೂಚ್ ನೆಲೆಯಿಂದ ಇಟಲಿಯ ನೇಪಲ್ಸ್ ಬಂದರಿನ ಮೇಲೆ ಬಾಂಬ್ ಹಾಕೋಕೆ ಹೊರಟಿತ್ತು. ಒಳಗಿದ್ದ ಒಂಬತ್ತು ಜನರಿಗೆ ಅದೇ ಮೊದಲ ಯುದ್ಧದ ಹಾರಾಟ. ಹೊರಡುವಾಗಲೇ ಮರಳುಗಾಳಿ, ಜೊತೆಯವರಿಂದ ದೂರವಾದ್ರು. ನೇಪಲ್ಸ್ ತಲುಪೋ ಹೊತ್ತಿಗೆ ಕತ್ತಲು. ವಾಪಸ್ ಬರುವಾಗ ಒಂಟಿ ವಿಮಾನ, ಕೆಳಗೆ ಕಪ್ಪು ಸಮುದ್ರ. ನಡುರಾತ್ರಿ ಪೈಲಟ್ ಹ್ಯಾಟನ್ ರೇಡಿಯೋದಲ್ಲಿ, ತನ್ನ ದಿಕ್ಕು ಹುಡುಕೋ ಯಂತ್ರ ಕೆಲಸ ಮಾಡ್ತಿಲ್ಲ, ನಾನೆಲ್ಲಿದೀನಿ ಹೇಳಿ ಅಂತ ಕೇಳ್ದ. ಬೆನೀನಾದ ಸ್ಟೇಷನ್ 330 ಡಿಗ್ರಿ ಅಂತ ಉತ್ತರ ಕೊಡ್ತು. ಅಂದ್ರೆ ವಾಯವ್ಯದಲ್ಲಿ, ಇನ್ನೂ ಸಮುದ್ರದ ಮೇಲೇ ಇದ್ದೀರಿ, ಹಾಗೇ ಬನ್ನಿ ಅಂತ. ಅವರು ಹಾಗೇ ಬಂದ್ರು. ನೆಲೆಯನ್ನ ದಾಟಿ ಇನ್ನೂ ಎರಡು ಗಂಟೆ ಮರುಭೂಮಿಯ ಒಳಕ್ಕೆ ಹಾರಿದ್ರು.

ಈಗ ನಮ್ಮ ಎಂಜಿನಿಯರಿಂಗ್ ಪುಸ್ತಕಕ್ಕೆ ಬನ್ನಿ. ಆಗಿನ ದಿಕ್ಕುಶೋಧಕದಲ್ಲಿ ಇರ್ತಿದ್ದದ್ದು ಒಂದು ಲೂಪ್ ಆಂಟೆನಾ, ಅಂದ್ರೆ ಬಳೆ ಥರದ ತಂತಿ ಸುರುಳಿ. ಅದನ್ನ ತಿರುಗಿಸ್ತಾ ಹೋದ್ರೆ ಒಂದು ಕಡೆ ಸಿಗ್ನಲ್ ಮಾಯವಾಗುತ್ತೆ, ಆ ಗೆರೆಯ ಮೇಲೆ ವಿಮಾನ ಇದೆ ಅಂತ ಅರ್ಥ. ಆದ್ರೆ ವಿಮಾನ ಎದುರಿಗಿದ್ರೂ ಬೆನ್ನ ಹಿಂದಿದ್ರೂ ಸಿಗ್ನಲ್ ಮಾಯವಾಗೋದು ಅದೇ ಕೋನದಲ್ಲೇ! ರಸ್ತೆ ಯಾವುದು ಅಂತ ಹೇಳುತ್ತೆ, ಯಾವ ತುದಿ ಅಂತ ಹೇಳಲ್ಲ. 330 ಅನ್ನೋದು 150 ಕೂಡ ಆಗಿರಬಹುದು. ಬಗೆಹರಿಸ್ಬೇಕಾದ್ರೆ ಇನ್ನೊಂದು ಆಂಟೆನಾ ಬೇಕು, ಅಥವಾ ಬೇರೆ ಜಾಗದಿಂದ ಇನ್ನೊಂದು ಅಳತೆ ಬೇಕು. ಎರಡು ಬೇರೆ ಬೇರೆ ಉತ್ತರಕ್ಕೆ ಒಂದೇ ಸಂಖ್ಯೆ ರಿಟರ್ನ್ ಮಾಡೋ ಫಂಕ್ಷನ್ ಬರೆದು, ಆಮೇಲೆ ಕರೆದವನನ್ನ ಬೈದ ಹಾಗಾಯ್ತು ಇದು.

ಅಮೆರಿಕದ ಸೈನ್ಯ ಆಮೇಲೆ ಬರೆದ ವರದಿ, ನ್ಯಾವಿಗೇಟರ್ ಬಹುಶಃ ವಿಮಾನದ ಲೂಪಿನ ಹಿಂಭಾಗದ ಅಳತೆ ತಗೊಂಡಿರಬೇಕು ಅಂತ ಊಹಿಸಿತು. ಪೈಲಟ್ಟೇ ಯಂತ್ರ ಕೆಟ್ಟಿದೆ ಅಂದಿದ್ದ, ಅದನ್ನ ನೆನಪಿಡಿ. ನೆಲದ ಮೇಲೆ ಆರಾಮಾಗಿ ಕೂತ ಸ್ಟೇಷನ್ ಒಂದೇ ಅಳತೆ ಕೊಟ್ಟು ಸುಮ್ಮನಾದದ್ದು ಯಾರ ತಪ್ಪು? ಸತ್ತವನ ಮೇಲೆ ಹಾಕೋದು ಸುಲಭ, ತಿರುಗಿ ಮೈಲ್ ಮಾಡಲ್ಲ ನೋಡಿ. ನಾನು ಮೊದಲು ಕೆಲಸ ಮಾಡ್ತಿದ್ದ ಕಡೆ ಬಗ್ ರಿಪೋರ್ಟುಗಳನ್ನ ‘ಯೂಸರ್ ಎರರ್’ ಅಂತ ಮುಚ್ಚಿಹಾಕೋ ಒಬ್ರು ಮಹಾಶಯರಿದ್ರು, ಈ ವರದಿ ಓದಿದ್ರೆ ಖುಷಿ ಪಡ್ತಿದ್ರು :)

ಇನ್ನು ‘ಉಲ್ಟಾ ನಡೆದ ದಡ್ಡರು’ ವಿಷಯ. ಇಂಧನ ಮುಗಿಯೋ ಹೊತ್ತಿಗೆ, ಏಪ್ರಿಲ್ 5ರ ಬೆಳಗಿನ ಜಾವ ಎರಡರ ಸುಮಾರಿಗೆ ಒಂಬತ್ತೂ ಜನ ಪ್ಯಾರಾಚೂಟ್‌ನಲ್ಲಿ ಹಾರಿದ್ರು. ಬಾಂಬ್ ಹಾಕುವವನಾದ ವೊರಾವ್ಕಾನ ಪ್ಯಾರಾಚೂಟ್ ಸರಿಯಾಗಿ ಬಿಚ್ಚಲಿಲ್ಲ. ಉಳಿದ ಎಂಟು ಜನ ಒಂದಾದ್ರು. ಖಾಲಿ ವಿಮಾನ ತಾನೇ ತೇಲಿಕೊಂಡು ಸುಮಾರು 26 ಕಿಲೋಮೀಟರ್ ಮುಂದೆ ಹೋಗಿ ಹೊಟ್ಟೆಯ ಮೇಲೆ ಇಳೀತು. ಅದರಲ್ಲಿ ನೀರಿತ್ತು, ಆಹಾರ ಇತ್ತು, ಕೆಲಸ ಮಾಡೋ ರೇಡಿಯೋ ಇತ್ತು. ನಿಜ. ಆದ್ರೆ ಕತ್ತಲಲ್ಲಿ ಹಾರಿದವರಿಗೆ ಅದು ಚೂರುಚೂರಾಗದೆ ಇಳಿದಿದೆ ಅಂತ ಹೇಳಿದವರು ಯಾರು? ತಾವು ಕರಾವಳಿಯ ಹತ್ತಿರ ಇದೀವಿ ಅಂದುಕೊಂಡವರು ಸಮುದ್ರದ ಕಡೆ, ವಾಯವ್ಯಕ್ಕೆ ನಡೆದ್ರು. ನಾನಾಗಿದ್ರೂ ಅದೇ ಮಾಡ್ತಿದ್ದೆ, ನೀವೂ ಅಷ್ಟೇ.

ಹುಡುಕಿಕೊಂಡು ಬರೋರಿಗೆ ಗೊತ್ತಾಗಲಿ ಅಂತ ಬೂಟು, ಪ್ಯಾರಾಚೂಟ್ ತುಂಡುಗಳಿಂದ ಬಾಣದ ಗುರುತು ಮಾಡ್ತಾ ಹೋದ್ರು. ಎಂಟು ಜನಕ್ಕೆ ಇದ್ದದ್ದು ಅರ್ಧ ಕ್ಯಾಂಟೀನ್ ನೀರು (ಸಿಪಾಯಿಗಳ ಸೊಂಟದ ಬಾಟಲಿ). ದಿನಕ್ಕೆ ಒಂದು ಮುಚ್ಚಳ. ಸಹ ಪೈಲಟ್ ಟೋನರ್ ಡೈರಿ ಬರೀತಿದ್ದ; ಕೊರೆಯೋ ರಾತ್ರಿಗಳು, ಮರಳು ಹೊಡೆದು ಕಾಣದಾದ ಕಣ್ಣು, ಪ್ರಾರ್ಥನೆ, ಎಲ್ಲಾ ಚಿಕ್ಕ ಚಿಕ್ಕ ಸಾಲಲ್ಲಿ. ಸುಮಾರು ನೂರು ಕಿಲೋಮೀಟರ್ ನಡೆದ ಮೇಲೆ ಐದು ಜನಕ್ಕೆ ಕಾಲು ಏಳಲಿಲ್ಲ. ಶೆಲ್ಲಿ, ರಿಪ್ಸ್‌ಲಿಂಗರ್, ಮೂರ್ ಮೂವರು ಸಹಾಯ ತರ್ತೀವಿ ಅಂತ ಮರಳದಿಣ್ಣೆಗಳೊಳಗೆ ಮುಂದೆ ಹೋದ್ರು. ಏಪ್ರಿಲ್ 12ಕ್ಕೆ ಡೈರಿ ನಿಂತಿದೆ. ಒಂದು ಮುಚ್ಚಳ ನೀರು ಕುಡಿದು ಎಂಟು ದಿನ ಬದುಕಿದವರನ್ನ ದಡ್ಡರು ಅನ್ನೋಕೆ ನಮಗೆ ನಾಲಿಗೆ ಹೇಗೆ ಬರುತ್ತೋ.

ಅತ್ತ ಸೈನ್ಯದವರು ವಿಮಾನ ಸಮುದ್ರಕ್ಕೆ ಬಿದ್ದಿರಬೇಕು ಅಂತ ಸಮುದ್ರದ ಕಡೆ ಹುಡುಕಿ ಕೈತೊಳೆದುಕೊಂಡ್ರು. 1958ರಲ್ಲಿ ಎಣ್ಣೆ ಹುಡುಕ್ತಿದ್ದ ಬ್ರಿಟಿಷರ ಕಣ್ಣಿಗೆ ಆಕಾಶದಿಂದ ಅದು ಬೀಳೋವರೆಗೂ ಹದಿನೈದು ವರ್ಷ, ಅಲ್ಲಿ ಯಾರೂ ಹುಡುಕಿರಲಿಲ್ಲ.

ಆ ವಿಮಾನದ ಬಿಡಿಭಾಗ ಹಾಕಿದ ಬೇರೆ ವಿಮಾನಗಳೂ ಬಿದ್ದವಂತೆ, ಅದೇ ಶಾಪವಂತೆ. ಆ ಕಾಲದಲ್ಲಿ ಬಿದ್ದ ವಿಮಾನಗಳಿಗೇನು ಕಮ್ಮಿಯೇ? ಅದರ ಬಗ್ಗೆ ಇಷ್ಟೇ ಸಾಕು.

ಮತ್ತೆ ಈ ಕಥೆ ಹಾಕೋದಿದ್ರೆ ‘ದೆವ್ವ’ದ ಜಾಗದಲ್ಲಿ ಹೆಸರು ಹಾಕಿ, ಒಂದೇ ಸಾಲು ಆಗುತ್ತೆ: ಹ್ಯಾಟನ್, ಟೋನರ್, ನ್ಯಾವಿಗೇಟರ್ ಹೇಸ್, ವೊರಾವ್ಕಾ, ರಿಪ್ಸ್‌ಲಿಂಗರ್, ಲಾಮಾಟ್, ಶೆಲ್ಲಿ, ಆಡಮ್ಸ್, ಮೂರ್. 1960ರಲ್ಲಿ ಎಂಟು ಜನರ ದೇಹ ಸಿಕ್ಕಿತು. ಮೂರ್ ಇನ್ನೂ ಅಲ್ಲೇ ಎಲ್ಲೋ ಮರಳಿನಡಿ ಇದಾನೆ.