ಎರೆಜಲವೋ, ಕೊಳೆನೀರೋ?

ಬಸ್‌ಸ್ಟ್ಯಾಂಡಿನ ಹಿಂದಿರುವ ತರಕಾರಿ ಮಾರುಕಟ್ಟೆಯನ್ನು ಮೂಗು ಮುಚ್ಚಿಕೊಳ್ಳದೆ ದಾಟಿದವರು ಯಾರಾದರೂ ಇದ್ದರೆ ಅವರಿಗೊಂದು ಹಾರ ಹಾಕಬೇಕು. ಕೋಸಿನ ಸಿಪ್ಪೆ, ಕೊಳೆತ ಟೊಮೇಟೊ, ಬಾಳೆದಿಂಡು, ಹೂವಿನಂಗಡಿಯ ಬಾಡಿದ ಸೇವಂತಿಗೆ ಎಲ್ಲ ಸೇರಿ ಒಂದೇ ಗುಡ್ಡೆ. ಅದರ ಬುಡದಿಂದ ಕರೀ ನೀರು ಸೋರಿ ಚರಂಡಿ ಸೇರುತ್ತದೆ. ಇಂಥದೇ ನೀರು ಬಾಟ್ಲಿಯಲ್ಲಿ ಕೂತು ಮಾರಾಟಕ್ಕೆ ಬಂದಿದೆ ಎಂದರೆ ನಂಬುತ್ತೀರಾ? ನಂಬಲೇಬೇಕು. ದುಡ್ಡು ಕೊಟ್ಟು ತಂದ ಪೆದ್ದ ನಾನೇ!

ಹೋದ ತಿಂಗಳು ರಸ್ತೆ ಬದಿ ಸಸಿ ಮಾರುವವನೊಬ್ಬ, ‘ಎರೆಹುಳದ ಜಲ ಸಾರ್, ನಾಲ್ಕೇ ದಿನದಲ್ಲಿ ಗಿಡ ಎದ್ದು ಕೂರುತ್ತೆ’ ಅಂದ. ಬಾಟ್ಲಿಗೆ 60 ರೂಪಾಯಿ. ಮನೆಗೆ ತಂದು ಮುಚ್ಚಳ ತೆಗೆದರೆ ಗಬ್ಬು ವಾಸನೆ. ಗೊಬ್ಬರ ಅಂದಮೇಲೆ ನಾರದೆ ಇರುತ್ತದೆಯೇ ಎಂದು ಸಮಾಧಾನ ಮಾಡಿಕೊಂಡು ಮಲ್ಲಿಗೆ ಗಿಡದ ಬುಡಕ್ಕೆ ಅರ್ಧ ಬಾಟ್ಲಿ ಸುರಿದೆ. ಗಿಡ ಎದ್ದು ಕೂರಲಿಲ್ಲ, ಮಲಗಿತು. ಎಲೆಯಂಚೆಲ್ಲ ಸುಟ್ಟ ಹಪ್ಪಳದ ಹಾಗಾಯಿತು.

ದಿನಾ ಹಳ್ಳಿಯಿಂದ ಸೊಪ್ಪು ತರುವ ಯಜಮಾನರೊಬ್ಬರಿಗೆ ಬಾಟ್ಲಿ ತೋರಿಸಿದೆ. ಮೂಸಿ ನೋಡಿ ನಕ್ಕರು. ‘ಸ್ವಾಮಿ, ಎರೆಜಲ ನಾರಾಕಿಲ್ಲ. ಮೊದಲ ಮಳೆ ಬಿದ್ದಾಗ ಮಣ್ಣು ಹೆಂಗೆ ಘಮ್ ಅಂತದೋ ಹಂಗಿರ್ತದೆ. ಇದು ಕೊಳೆನೀರು. ಅದೂ ನೀರು ಬೆರೆಸದೆ ಹುಯ್ದಿದೀರಿ, ಗಿಡ ಇನ್ನೇನಾದೀತು?’

ತಪ್ಪಿನಲ್ಲಿ ಅರ್ಧ ನನ್ನದೂ ಇತ್ತೆಂದು ಒಪ್ಪಿಕೊಂಡೆ. ಆದರೆ ಉಳಿದರ್ಧದ ಬಗ್ಗೆ ಮಾತಾಡಬೇಕಲ್ಲ?

ಹಸಿ ಕಸ ಅತಿಯಾಗಿ ತೇವವಾಗಿ, ಗಾಳಿಯಾಡದೆ ಕೊಳೆತಾಗ ತಾನಾಗಿ ಸೋರುವುದು ಕೊಳೆನೀರು. ಅರೆಬರೆ ಕೊಳೆತದ್ದರ ಹುಳಿ, ಉಪ್ಪು, ರೋಗಾಣು ಎಲ್ಲ ಅದರಲ್ಲಿರಬಹುದು. ಎರೆಜಲ ಅದಲ್ಲ. ಹುಳು ತಿಂದು ಹಾಕಿದ ಹಿಕ್ಕೆ ಮತ್ತು ಹುಳುಗಳು ಓಡಾಡಿದ ಮಣ್ಣಿನ ಮೂಲಕ ಶುದ್ಧ ನೀರು ನಿಧಾನವಾಗಿ ಇಳಿದು ಬಂದದ್ದು ಎರೆಜಲ. ಬಣ್ಣ ತಿಳಿ ಡಿಕಾಕ್ಷನ್ನಿನದು. ಎರೆಹುಳು ಚರ್ಮದಿಂದಲೇ ಉಸಿರಾಡುವ ಪ್ರಾಣಿ. ನೀರು ನಿಂತು ಗಾಳಿ ತಪ್ಪಿದರೆ ಅದು ಬದುಕುವುದಿಲ್ಲ. ಅಂದಮೇಲೆ ಬಾಟ್ಲಿ ನಾರುತ್ತಿದ್ದರೆ ಹುಳು ಸುಖವಾಗಿಲ್ಲ ಎಂದೇ ಅರ್ಥ.

ಮಾಡುವ ಕ್ರಮವೇನೂ ಬ್ರಹ್ಮವಿದ್ಯೆಯಲ್ಲ. ಬುಡದಲ್ಲಿ ನಲ್ಲಿ ಕೂರಿಸಿದ ಒಂದು ಡ್ರಮ್ಮು. ತಳಕ್ಕೆ ಇಟ್ಟಿಗೆ ಚೂರು, ಅದರ ಮೇಲೆ ದಪ್ಪ ಮರಳು, ಆಮೇಲೆ ಮಣ್ಣು, ಅದರೊಳಗೆ ಎರೆಹುಳು, ಮೇಲೆ ಸಗಣಿ ಮತ್ತು ಒಣಹುಲ್ಲು. ಹದಿನೈದು ದಿನ ತೇವ ಆರದಂತೆ ನೋಡಿಕೊಳ್ಳಬೇಕು, ನಲ್ಲಿ ತೆರೆದೇ ಇರಲಿ. ಆಮೇಲೆ ರಾತ್ರಿ ನಲ್ಲಿ ಮುಚ್ಚಿ, ಮೇಲೊಂದು ತೂತಿನ ಮಡಕೆ ಕಟ್ಟಿ ನಾಲ್ಕೈದು ಲೀಟರ್ ನೀರು ತೊಟ್ಟಿಕ್ಕಿಸಿದರೆ ಬೆಳಿಗ್ಗೆ ನಲ್ಲಿಯಲ್ಲಿ ಎರೆಜಲ. ಒಂದು ಪಾಲಿಗೆ ಹತ್ತು ಪಾಲು ನೀರು ಬೆರೆಸಿ ಬುಡಕ್ಕೆ ಹಾಕಿ, ಇಲ್ಲವೇ ಸಂಜೆ ಹೊತ್ತು ಎಲೆಗೆ ಸಿಂಪಡಿಸಿ. ನಾಳೆ ಕೊಯ್ದು ಹಸಿಯಾಗಿ ತಿನ್ನುವ ಕೊತ್ತಂಬರಿ ಮೇಲೆ ಮಾತ್ರ ಬೇಡ.

ಇನ್ನೊಂದು ಮಾತು. ಇದನ್ನು ಅಮೃತ ಎಂದು ಮಾರುವವರನ್ನೂ ನಂಬಬೇಡಿ. ಎರೆಜಲದಲ್ಲಿ ಪೋಷಕಾಂಶ ಇರುವುದು ಕಡಿಮೆ, ತಿಂದ ಮೇವಿನ ಮೇಲೆ ಅದೂ ಏರುಪೇರು. ಇದು ಊಟದ ಜೊತೆಗಿನ ಮಜ್ಜಿಗೆ, ಊಟವೇ ಅಲ್ಲ. ಗಿಡಕ್ಕೆ ಊಟ ಗೊಬ್ಬರವೇ.

ಎರೆಹುಳುವಿನ ಕಸುಬನ್ನು ಚಾರ್ಲ್ಸ್ ಡಾರ್ವಿನ್ 1881ರಲ್ಲೇ ಪುಸ್ತಕ ಬರೆದು ಹೇಳಿದ್ದ. ನಮ್ಮ ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯದಲ್ಲಿ ಡಾ. ರಾಧಾ ಕಾಳೆಯವರು ವರ್ಷಗಟ್ಟಲೆ ಎರೆಗೊಬ್ಬರದ ಮೇಲೆ ದುಡಿದರು. ಚೆನ್ನೈಯಲ್ಲಿ ಡಾ. ಸುಲ್ತಾನ್ ಇಸ್ಮಾಯಿಲ್ ಎರೆಜಲದ ಡ್ರಮ್ಮನ್ನು ಜನರಿಗೆ ಪರಿಚಯಿಸಿದರು. ವಿದ್ಯೆಗೇನೂ ಕೊರತೆಯಿಲ್ಲ.

ಕೊರತೆ ಇರುವುದು ಬೇರೆ ಕಡೆ. ಮಾರುಕಟ್ಟೆಗಳ ಹಣ್ಣು, ತರಕಾರಿ, ಹೂವಿನ ಕಸವನ್ನು ದಿನದಿನವೇ ಎತ್ತಬೇಕು, ಮಾರುಕಟ್ಟೆಯಲ್ಲೋ ಅದರ ಹತ್ತಿರವೋ ಗೊಬ್ಬರ ಮಾಡುವ ಘಟಕಕ್ಕೆ ಉತ್ತೇಜನ ಕೊಡಬೇಕು ಎಂದು 2016ರ ಘನತ್ಯಾಜ್ಯ ನಿರ್ವಹಣಾ ನಿಯಮದಲ್ಲೇ ಹೇಳಿತ್ತು. ನಮ್ಮಲ್ಲೂ ಎರಡು ತೊಟ್ಟಿ ಕಟ್ಟಿದರು, ಟೇಪು ಕತ್ತರಿಸಿದರು, ಫೋಟೋ ಹೊಡೆಸಿಕೊಂಡರು. ಆಮೇಲೆ? ಹುಳುವಿಗೆ ದಿನಾ ನೀರು ಚಿಮುಕಿಸುವವರು ಯಾರು ಎಂದು ಯಾರೂ ಕೇಳಲಿಲ್ಲ. ಪ್ಲಾಸ್ಟಿಕ್ಕು, ಹೋಟೆಲಿನ ಸಾಂಬಾರು, ಎಣ್ಣೆ ಎಲ್ಲ ಅದೇ ತೊಟ್ಟಿಗೆ ಬಿತ್ತು. ಬೇಸಿಗೆ ಬಂತು, ಹುಳು ಸತ್ತವು. ಈಗ ಅಲ್ಲಿ ಬೀಡಾಡಿ ದನಗಳು ಮಲಗುತ್ತವೆ.

ಬರೀ ಅಧಿಕಾರಿಗಳನ್ನು ಬೈದು ಏನು ಬಂತು? ಅಂಗಡಿಯ ಯಜಮಾನರೇ, ಹಸಿ ಕಸಕ್ಕೊಂದು ಬುಟ್ಟಿ, ಪ್ಲಾಸ್ಟಿಕ್ಕಿಗೊಂದು ಚೀಲ ಇಡುವುದಕ್ಕೆ ಯಾರ ಅಪ್ಪಣೆ ಬೇಕು? ಈರುಳ್ಳಿ, ನಿಂಬೆ, ಮೆಣಸಿನಕಾಯಿ ಕಸ ಬೇರೆ ಹಾಕಿ, ಹುಳುವಿಗೆ ಆಗುವುದಿಲ್ಲ. ಅತ್ತ ಸಾಹೇಬರುಗಳು ತೊಟ್ಟಿಗೆ ಮೇಲೊಂದು ತಗಡು ಹೊದಿಸಲಿ. ನೋಡಿಕೊಳ್ಳಲು ಒಬ್ಬ ಪೌರಕಾರ್ಮಿಕರನ್ನು ಅದೇ ಕೆಲಸಕ್ಕೆಂದು, ಸರಿಯಾದ ಸಂಬಳ ಕೊಟ್ಟು ನೇಮಿಸಲಿ. ಬಂದ ಗೊಬ್ಬರ, ಎರೆಜಲವನ್ನು ಅಲ್ಲೇ ಕೌಂಟರಿನಲ್ಲಿ ಮಾರಲಿ. ಬಾಟ್ಲಿಯ ಮೇಲೆ ತಯಾರಿಸಿದ ತಾರೀಖು, ಎಷ್ಟು ನೀರು ಬೆರೆಸಬೇಕೆಂಬ ಲೆಕ್ಕ ಬರೆದಿರಲಿ. ಆಗ ನನ್ನಂಥ ಪೆದ್ದರೂ ಮೋಸಹೋಗುವುದಿಲ್ಲ.

ಅಲ್ಲಿಯವರೆಗೆ ಬಸ್ಸಿಗೆ ಕಾಯುತ್ತ ನಿಂತ ಗೃಹಸ್ಥರಿಗೆ ಒಂದೇ ಕಿವಿಮಾತು: ಎರೆಜಲ ಕೊಳ್ಳುವ ಮೊದಲು ಮುಚ್ಚಳ ತೆಗೆಸಿ ಮೂಸಿ ನೋಡಿ. ನಾರಿದರೆ ವಾಪಸ್ ಕೊಡಿ.

ಮಲ್ಲಿಗೆ ಗಿಡ ಬುಡದಲ್ಲಿ ಒಂದು ಚಿಗುರು ಬಿಟ್ಟಿದೆ. ಬರೀ ನೀರು ಹಾಕುತ್ತಿದ್ದೇನೆ.